ಅಕ್ಕಾರು ಮೂಕಿಯಾದ ಕ್ಯಾಂಪು

ಸವದತ್ತಿ ಕ್ಯಾಂಪು ಅರ್ಧ ಮುಗಿದಿದ್ದಾಗ ಒಂದು ದಿನ ನಮ್ಮ ಅಕ್ಕಾರಿಗೆ ಮೇಲಿನ ಷಡ್ಜ, ಅಂದರೆ ಎತ್ತರದ ಸಾ, ಬರಲಿಲ್ಲ. ಥೇಟರಿನಲ್ಲಿ ಜನ ಕಿಕ್ಕಿರಿದು ಕೂತಿದ್ದರು. ಆದರೂ ಅದು ಗೊತ್ತಾದದ್ದು ಅವರಿಗೆ ಮತ್ತು ಪೇಟಿ ಬಾರಿಸುತ್ತಿದ್ದ ನನಗೆ ಮಾತ್ರ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಒಂದು ನಾಟಕ ಕಂಪನಿಯ ಪೇಟಿ ಮಾಸ್ತರ. ಪೇಟಿ ಅಂದರೆ ಹಾರ್ಮೋನಿಯಂ. ನನ್ನದು ರಂಗದ ಮುಂದೆ ಕೆಳಗೆ, ಕುರ್ಚಿಯ ಮೇಲೆ ಕೂತು, ಕಾಲಿನಿಂದ ಗಾಳಿ ತುಂಬುತ್ತ, ಎರಡೂ ಕೈಯಿಂದ ಬಾರಿಸುವ ದೊಡ್ಡ ಪೇಟಿ. ಕಂಪನಿ ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು ಅಂತ ಊರೂರಿಗೆ ಹೋಗಿ ತಗಡಿನ ಥೇಟರು ಕಟ್ಟುತ್ತಿತ್ತು. ಜನ ಬರುವಷ್ಟು ದಿನ ಆಡಿ ಮುಂದಿನ ಊರಿಗೆ ಗಂಟು ಕಟ್ಟುತ್ತಿತ್ತು. ಒಂದೂರಿನ ಆಟ ಅಂದರೆ ಒಂದು ಕ್ಯಾಂಪು. ವಾರದ ದಿನಗಳಲ್ಲಿ ನಗೆನಾಟಕ, ಶನಿವಾರ ಭಾನುವಾರ ಹಳೆಯ ಸಂಗೀತ ನಾಟಕ. ಆ ಹೊತ್ತಿಗೆ ಬೇರೆ ಕಂಪನಿಗಳು ಸಂಗೀತ ನಾಟಕ ಬಿಟ್ಟಿದ್ದವು. ಪೇಟಿಯನ್ನೂ ಮೂಲೆಗೆ ತಳ್ಳಿ ಕರೆಂಟಿನ ಕೀಬೋರ್ಡು ತಂದಿದ್ದವು. ಅದರೊಳಗಿಂದ ಬರುವ ಸದ್ದಿಗೆ ನಾನು ಇವತ್ತಿಗೂ ಸಂಗೀತ ಅನ್ನುವುದಿಲ್ಲ. ನಮ್ಮಲ್ಲಿ ಸಂಗೀತ ನಾಟಕ ಉಳಿದದ್ದು ನಮ್ಮ ಗಾಯಕನಟಿಯಿಂದ. ನಲವತ್ತು ದಾಟಿದ ಹೆಂಗಸು. ಇಡೀ ಕಂಪನಿ ಅವರನ್ನು ಅಕ್ಕಾರು ಅನ್ನುತ್ತಿತ್ತು. ವಯಸ್ಸಿನಲ್ಲಿ ದೊಡ್ಡವರಾದ ಮಾಲಕರೂ ಹಾಗೆಯೇ ಕರೆಯುತ್ತಿದ್ದರು.

ನಮ್ಮ ಕಂಪನಿಯ ಸುರ ಕರಿ ನಾಲ್ಕು. ಅಂದರೆ ಪೇಟಿಯ ನಾಲ್ಕನೆಯ ಕಪ್ಪು ಪಟ್ಟಿಯನ್ನೇ ಷಡ್ಜ ಮಾಡಿಕೊಂಡು ಹಾಡಬೇಕು. ಬಲು ಎತ್ತರದ ಸುರ. ಮಾಲಕರ ತಂದೆ ಕಂಪನಿ ಕಟ್ಟಿದ ಕಾಲಕ್ಕೆ ಮೈಕ್ ಇರಲಿಲ್ಲ, ಕಟ್ಟಕಡೆಯ ಸಾಲಿನವರಿಗೂ ಹಾಡು ಮುಟ್ಟಬೇಕಿತ್ತು, ಅವರ ಗಂಟಲೂ ಹಾಗಿತ್ತು. ಮೈಕ್ ಬಂತು, ಅವರು ಹೋದರು, ಸುರ ಮಾತ್ರ ಹಾಗೇ ಉಳಿಯಿತು. ಮೂರನೆಯ ಗಂಟೆ ಹೊಡೆದ ಮೇಲೆ ಎಲ್ಲರೂ ನಿಂತು ಹಾಡುವ ನಾಂದಿಯಿಂದ ಹಿಡಿದು ಕೊನೆಯ ಮಂಗಳದವರೆಗೆ ಎಲ್ಲವೂ ಕರಿ ನಾಲ್ಕು. ಹೊಸ ನಟ ಯಾರಾದರೂ ಸುರ ಸ್ವಲ್ಪ ಇಳಿಸಿರಿ ಅಂತ ಕೇಳಿದರೆ ಮಾಲಕರು ಅವನಿಗೆ ಬಸ್ ಸ್ಟ್ಯಾಂಡಿನ ದಾರಿ ತೋರಿಸುತ್ತಿದ್ದರು. ಇದರ ಬಗ್ಗೆ ನನಗೂ ಒಳಗೊಳಗೇ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ರಾಮದುರ್ಗದಲ್ಲಿ ಅಕ್ಕಾರು ಜ್ವರ ಮೈಯಲ್ಲಿಟ್ಟುಕೊಂಡೇ ಹಾಡಿದ್ದರು. ಜ್ವರ ಇಳಿದರೂ ಗಂಟಲು ಒಣಒಣ ಅನ್ನುತ್ತಿತ್ತು. ಸವದತ್ತಿಯ ಆ ದಿನ ಮೂರನೆಯ ಅಂಕದಲ್ಲಿ, ಗಂಡ ಕೈಬಿಟ್ಟ ರಾಣಿ ಹಾಡುವ ಪದದಲ್ಲಿ, ಮೇಲಿನ ಷಡ್ಜಕ್ಕೆ ಏರುವ ಜಾಗದಲ್ಲಿ ದನಿಯೇ ಬರಲಿಲ್ಲ, ಬರೀ ಗಾಳಿ ಬಂತು. ಅಕ್ಕಾರು ಅದೇ ಗಳಿಗೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು, ಜನರಿಗೆ ಅರ್ಧ ಬೆನ್ನು ಮಾಡಿ, ಭುಜ ಅಲ್ಲಾಡಿಸಿ ಬಿಕ್ಕಿದರು. ರಾಣಿಗೆ ದುಃಖ ಉಕ್ಕಿ ಹಾಡಲು ಆಗಲಿಲ್ಲ ಅಂತ ಜನ ತಿಳಿದರು. ಚಪ್ಪಾಳೆ, ಸೀಟಿ, ಮೇಲಿಂದ ಮೇಲೆ ಒನ್ಸ್‌ಮೋರ್.

ನಮ್ಮ ಕಡೆ ಒನ್ಸ್‌ಮೋರ್ ಬಂತೆಂದರೆ ಹಾಡಲೇಬೇಕು. ಸತ್ತು ಬಿದ್ದ ಪಾತ್ರವಾದರೂ ಎದ್ದು ಹಾಡಿ ಮತ್ತೆ ಸಾಯಬೇಕು. ಅಕ್ಕಾರು ಇನ್ನೊಮ್ಮೆ ಹಾಡಿದರು. ಅದೇ ಜಾಗಕ್ಕೆ ಬಂದು, ಏರುವ ಗೋಜಿಗೆ ಹೋಗದೆ, ಬೇಕೆಂದೇ ದನಿ ಮುರಿದು ಮೊದಲಿನ ಹಾಗೆಯೇ ಬಿಕ್ಕಿದರು. ಈ ಎರಡನೆಯದು ನಟನೆ. ಮೊದಲನೆಯದನ್ನೂ ನಟನೆ ಅಂತ ನಂಬಿಸುವುದಕ್ಕೆ ಮಾಡಿದ ನಟನೆ. ಇಂಥ ಬುದ್ಧಿ ಎಲ್ಲಿಂದ ತಂದರು ಅಂತ ನಾನು ಪೇಟಿಯ ಮುಂದೆ ಬೆರಗಾಗಿ ಕೂತೆ.

ಪರದೆ ಬಿದ್ದ ಮೇಲೆ ಮಾಲಕರು ಹಿಗ್ಗಿ ಬಂದರು. ಇನ್ನು ಮೇಲೆ ಪ್ರತಿ ಭಾನುವಾರ ಹೀಗೆಯೇ ಹಾಡು ಮುರೀಬೇಕು ಅಂದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮುರಿದದ್ದು ಹಾಡಲ್ಲ, ಗಂಟಲು ಅಂತ ಎಲ್ಲರೆದುರೇ ಅಂದುಬಿಟ್ಟೆ. ಮಾಲಕರ ಮುಖ ಇಳಿದುಹೋಯಿತು. ಮರುದಿನ ಬೆಳಿಗ್ಗೆ ತಾವೇ ಮುಂದಾಗಿ ಅಕ್ಕಾರನ್ನು ಧಾರವಾಡಕ್ಕೆ ಕರೆದುಕೊಂಡು ಹೊರಟರು. ನಾನೂ ಜೊತೆಗೆ ಬಸ್ಸು ಹತ್ತಿದೆ.

ಗಂಟಲು ಡಾಕ್ಟರು ಸಣ್ಣ ಕನ್ನಡಿ ಇಳಿಸಿ ಬಹಳ ಹೊತ್ತು ನೋಡಿದರು. ದನಿ ಹೊರಡಿಸುವ ತಂತಿಗಳ ಮೇಲೆ ಜೋಳದ ನುಚ್ಚಿನಷ್ಟು ಗಂಟುಗಳಾಗಿವೆ ಅಂದರು. ಈಗಲೇ ಕತ್ತರಿ ಬೇಡ, ವಿಶ್ರಾಂತಿ ಕೊಟ್ಟರೆ ಕರಗಬಹುದು. ಆದರೆ ಹಾಡಷ್ಟೇ ಅಲ್ಲ, ಮಾತೂ ಬಂದ್ ಮಾಡಬೇಕು, ಪಿಸುಮಾತಂತೂ ಗಟ್ಟಿ ಮಾತಿಗಿಂತ ಕೆಟ್ಟದ್ದು ಅಂದರು. ಅಕ್ಕಾರು ಈ ಕ್ಯಾಂಪು, ಬೈಲಹೊಂಗಲ ಕ್ಯಾಂಪು ಮುಗಿಸಿ ಸುಮ್ಮನಿರುತ್ತೇನೆ ಅಂತ ಕೇಳಿಕೊಂಡರು. ಡಾಕ್ಟರು ಕನ್ನಡಿ ಒರೆಸುತ್ತ ಹೇಳಿದರು:

“ಹಾಡು ಬೇಕಂದ್ರ ಈಗ ಸುಮ್ಕಿರ್ರಿ, ಅಕ್ಕಾರ. ಈಗೂ ಹಾಡತೇನಂದ್ರ ಮುಂದ ಜಲ್ಮದಾಗ ಹಾಡೂದಿಲ್ಲ.”

ಅವತ್ತು ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ಅಕ್ಕಾರು ಬಾಯಿಗೆ ಬೀಗ ಹಾಕಿದರು. ದಾರಿಯಲ್ಲಿ ಒಂದು ಪಾಟಿ, ಬಳಪ ಕೊಂಡರು. ಸವದತ್ತಿಯವರೆಗೂ ಬಸ್ಸಿನಲ್ಲಿ ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರೇ ಹೊರತು ಒಂದಕ್ಷರ ಬರೆಯಲಿಲ್ಲ. ಎಂಟು ವರ್ಷದ ಹುಡುಗಿಯಾಗಿದ್ದಾಗಿಂದ ಕಂಪನಿಯ ಪರದೆಯ ಹಿಂದೆ ಬೆಳೆದು ಹಾಡಿಕೊಂಡೇ ಬಂದವರು.

ಮಾಲಕರು ಕೆಟ್ಟವರಲ್ಲ. ಆದರೆ ಬೈಲಹೊಂಗಲದ ಗೋಡೆಗಳ ಮೇಲೆ ಅಕ್ಕಾರ ಹೆಸರಿನ ಪೋಸ್ಟರು ಆಗಲೇ ಹತ್ತಿತ್ತು. ಮೊದಲು ಅವರು ಕ್ಯಾಸೆಟ್ಟಿನ ಉಪಾಯ ತೆಗೆದರು. ಹಿಂದಿನ ವರ್ಷದ ಹಾಡುಗಳ ಟೇಪು ಇತ್ತು. ಅದನ್ನು ಹಚ್ಚುವುದು, ಅಕ್ಕಾರು ಬರೀ ತುಟಿ ಆಡಿಸುವುದು. ಅಕ್ಕಾರು ಪಾಟಿಯ ಮೇಲೆ ಬರೆದರು: “ಅದು ನನ್ನ ಹೋದ ವರ್ಷದ ದನಿ. ಅದಕ್ಕ ಬಾಯಿ ಅಲ್ಲಾಡಿಸಾಕ ನನಗ ಬರೂದಿಲ್ಲ.” ಹಾಗಾದರೆ ಊರಿಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಅಂದರು ಮಾಲಕರು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಕ್ಯಾಂಪಿನ ನಡುವೆ ಹೋದವರ ಪಾತ್ರ ಇನ್ನೊಬ್ಬರ ಕೈಗೆ ಹೋಗುತ್ತದೆ, ತಿರುಗಿ ಬರುವುದಿಲ್ಲ. ಅದರಲ್ಲೂ ಅಕ್ಕಾರು ಹೋದರೆ ಸಂಗೀತ ನಾಟಕವನ್ನೇ ಗಂಟು ಕಟ್ಟಿ ಅಟ್ಟಕ್ಕೇರಿಸುತ್ತಿದ್ದರು. ಮತ್ತೆ ಅದನ್ನು ಯಾರು ಇಳಿಸುತ್ತಾರೆ?

ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಅಕ್ಕಾರು ಪಾಟಿ ಹಿಡಿದು ಮಾಲಕರ ಬಿಡಾರಕ್ಕೆ ಬಂದರು. ನಾನೂ ಅಲ್ಲಿದ್ದೆ. ಪಾಟಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿತ್ತು: “ನಗೆನಾಟಕದಾಗಿನ ಸೊಸಿ ಮೂಕಿ ಆಗ್ಲಿ. ಆ ಪಾತ್ರ ನಾ ಮಾಡತೇನಿ.”

ನಾನು ಕುರ್ಚಿ ಬಿಟ್ಟು ಎದ್ದೇ ಬಿಟ್ಟೆ. ಇಷ್ಟು ದೊಡ್ಡ ಗಾಯಕಿ ನಗೆನಾಟಕದಲ್ಲಿ ಮೂಕಿಯಾಗಿ ಕೈ ಬೀಸುವುದೇ, ಇದು ಅವಮಾನ ಅಂತ ಕೂಗಾಡಿದೆ. ಅಕ್ಕಾರು ಸಮಾಧಾನದಿಂದ ಪಾಟಿ ಒರೆಸಿ ಬರೆದು ನನ್ನ ಮೂಗಿನ ಮುಂದೆ ಹಿಡಿದರು: “ಕೂಗಬ್ಯಾಡ್ರಿ ಮಾಸ್ತರ. ನನಗ ತಿರುಗಿ ಕೂಗಾಕ ಬರೂದಿಲ್ಲ.” ಮಾಲಕರು ನಕ್ಕರು. ನಾನೂ ನಗಬೇಕಾಯಿತು. ಅದೇ ನಗುವಿನಲ್ಲಿ ಮಾಲಕರು ಒಪ್ಪಿಕೊಂಡರು. ಆ ನಗೆನಾಟಕ ಅವರೇ ಬರೆದದ್ದು. ಸವದತ್ತಿಯ ಉಳಿದ ದಿನಗಳನ್ನು ಅಕ್ಕಾರಿಲ್ಲದ ಬೇರೆ ನಗೆನಾಟಕಗಳಲ್ಲಿ ಕಳೆದೆವು. ಬೈಲಹೊಂಗಲದಲ್ಲಿ ಥೇಟರು ಎದ್ದು ನಿಲ್ಲುವಷ್ಟರಲ್ಲಿ ಸೊಸೆಯ ಮಾತೆಲ್ಲ ಕಿತ್ತುಹಾಕಿ ಮೂಕಿಯ ಪಾತ್ರ ಮಾಡಿಕೊಟ್ಟರು. ಅತ್ತೆ ಸೊಸೆಯ ಮೇಲೆ ಜೋಳದ ಚೀಲ ತವರಿಗೆ ಸಾಗಿಸಿದಳು ಅಂತ ಆಪಾದನೆ ಹೊರಿಸುತ್ತಾಳೆ. ಸೊಸೆ ತಾನಲ್ಲ ಅಂತ ಹೇಳಬೇಕು, ಬಾಯಿಲ್ಲ. ಅದರ ಸುತ್ತ ಕಥೆ. ಮೂಕಿಯ ಮಾತನ್ನು ಪೇಟಿ ಆಡಬೇಕು ಅಂತ ನಿಶ್ಚಯವಾಯಿತು. ಅಂದರೆ ನಾನು.

ಬೈಲಹೊಂಗಲದಲ್ಲಿ ಮಧ್ಯಾಹ್ನ ತಾಲೀಮು. ತಗಡಿನ ಕೆಳಗೆ ರೊಟ್ಟಿ ಬೇಯುವಷ್ಟು ಸೆಕೆ. ಮೊದಲ ದಿನ ನಾನು ನನ್ನ ಪಾಂಡಿತ್ಯವನ್ನೆಲ್ಲ ಸುರಿದೆ. ಸೊಸೆಗೆ ದುಃಖವಾದರೆ ಜೋಗಿಯಾ ರಾಗ, ಪ್ರೀತಿ ಬಂದರೆ ಪೀಲು ರಾಗ, ಗಂಡನಿಗೆ ನೀರು ಕೊಡುವುದಕ್ಕೂ ಒಂದು ಆಲಾಪ. ಬಾರಿಸಿ ಹೆಮ್ಮೆಯಿಂದ ಮೇಲೆ ನೋಡಿದೆ. ಅಕ್ಕಾರು ರಂಗದ ಅಂಚಿಗೆ ಬಂದು ಪಾಟಿ ತೋರಿಸಿದರು: “ನೀವು ಹಾಡಾಕತ್ತೀರಿ. ಆಕಿ ಮಾತಾಡಬೇಕು.”

ಆ ಮಾತು ನನಗೆ ನಾಟಿತು, ಆದರೆ ಹೇಗೆ ಮಾಡುವುದು ಅಂತ ತಿಳಿಯಲಿಲ್ಲ. ದಾರಿಯನ್ನೂ ಅವರೇ ತೋರಿಸಿದರು. ಮೂಕಿಗೆ ಬಾಯಿದ್ದಿದ್ದರೆ ಆ ಜಾಗದಲ್ಲಿ ಏನನ್ನುತ್ತಿದ್ದಳು ಅನ್ನುವುದನ್ನು ಪಾಟಿಯ ಮೇಲೆ ಬರೆಯುವರು. ನಾನು ಅದನ್ನು ನಾಲ್ಕಾರು ಸಲ ಬಾಯಿಂದ ಹೇಳುವುದು. ಎಲ್ಲಿ ದನಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ಉಸಿರು ನಿಲ್ಲುತ್ತದೆ ಅಂತ ಕಿವಿಗೊಟ್ಟು ಕೇಳಿಕೊಳ್ಳುವುದು. ಆಮೇಲೆ ಮಾತು ಬಿಟ್ಟು ಆ ಏರಿಳಿತವನ್ನಷ್ಟೇ ಪಟ್ಟಿಗಳ ಮೇಲೆ ಇಡುವುದು. “ನಾ ಅಲ್ರಿ, ನಾ ಒಯ್ದಿಲ್ರಿ” ಅನ್ನುವುದಕ್ಕೆ ಬೆರಳೆಣಿಕೆಯ ಸ್ವರ ಸಾಕು. ಅದೇ ಮಾತನ್ನು ಅತ್ತೆಗೆ ಹೇಳುವಾಗ ಒಂದು ಬಗೆ, ಗಂಡನಿಗೆ ಹೇಳುವಾಗ ಇನ್ನೊಂದು ಬಗೆ. ಗಂಡನಿಗೆ ಹೇಳುವಾಗ ಕೊನೆಯ ಸ್ವರವನ್ನು ಪೂರ್ತಿ ಒತ್ತಬೇಡಿ, ಗಾಳಿ ಅರ್ಧ ಬಿಡಿ ಅಂತ ಬರೆದರು. ಕಾಲಿನ ಒತ್ತು ಕಡಿಮೆ ಮಾಡಿದೆ. ದನಿ ಗಂಟಲಲ್ಲೇ ಉಳಿದ ಹಾಗೆ ಕೇಳಿತು. ಇಷ್ಟು ವರ್ಷ ಪೇಟಿ ಬಾರಿಸಿ ಇದು ನನಗೆ ಹೊಳೆದಿರಲಿಲ್ಲ.

ರಂಗದ ಮೇಲೆ ಪಾಟಿ ಹಿಡಿಯಲು ಬರುವುದಿಲ್ಲ. ಹಾಗಾಗಿ ನಮ್ಮಿಬ್ಬರ ನಡುವೆ ಕೆಲವು ಸನ್ನೆಗಳು ನಿಗದಿಯಾದವು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರೆ ಮಾತು ಶುರು ಮಾಡಿರಿ ಅಂತ. ಸೊಂಟದ ಹತ್ತಿರ ಎಡಗೈ ಅಂಗೈಯನ್ನು ನೆಲದ ಕಡೆ ತಿರುಗಿಸಿದರೆ ಸಾಕು, ಇನ್ನು ನಾನು ನೋಡಿಕೊಳ್ಳುತ್ತೇನೆ ಅಂತ. ಆಗ ಪೇಟಿ ನಿಲ್ಲಬೇಕು, ಅವರ ಮುಖ, ಕೈ ಮಾತ್ರ ಹೇಳಬೇಕು. ಶುರುವಿಗೆ ನಾನು ಈ ಎರಡನೆಯ ಸನ್ನೆಯನ್ನು ತಪ್ಪಿಸಿಕೊಳ್ಳುತ್ತಿದ್ದೆ. ಬಾರಿಸುವವನಿಗೆ ನಿಲ್ಲಿಸುವುದು ಕಷ್ಟ.

ಅದೇ ದಿನಗಳಲ್ಲಿ ಅಕ್ಕಾರಿಗೆ ಪೇಟೆಯಲ್ಲಿ ಬಳೆ ಮಾರುವ ಒಬ್ಬ ಮೂಕ ಹೆಣ್ಣುಮಗಳ ಪರಿಚಯವಾಯಿತು. ಅಕ್ಕಾರು ಸನ್ನೆಯಿಂದ ಬಳೆ ಕೇಳಿದ್ದಾರೆ, ಆಕೆ ಇವರೂ ತನ್ನ ಹಾಗೇ ಅಂದುಕೊಂಡು ಪಕ್ಕದಲ್ಲಿ ಕೂಡಿಸಿಕೊಂಡಿದ್ದಾಳೆ. ದಿನಾ ಬೆಳಿಗ್ಗೆ ಅಕ್ಕಾರು ಅಲ್ಲಿ ಹೋಗಿ ಕೂತು ಆಕೆ ಗಿರಾಕಿಗಳ ಜೊತೆ ಹೇಗೆ ಚೌಕಾಶಿ ಮಾಡುತ್ತಾಳೆ, ಹೇಗೆ ಜಗಳವಾಡುತ್ತಾಳೆ ಅಂತ ನೋಡುತ್ತಿದ್ದರು. ಅವರು ತಾಲೀಮಿಗೆ ತಂದದ್ದು ಒಂದೇ ಮಾತು: “ಮೂಕರು ಕೈ ಬೀಸೂದಿಲ್ಲ, ಮೊದಲ ಎದುರಿನವರ ಕಣ್ಣ ಹಿಡೀತಾರ.” ಅವತ್ತಿನಿಂದ ಅವರ ಅಭಿನಯವೇ ಬದಲಾಯಿತು. ಕೈ ಕಡಿಮೆಯಾಯಿತು, ಕಣ್ಣು ಹೆಚ್ಚಾಯಿತು. ಅತ್ತೆಯ ಪಾತ್ರದವರು ಅವರ ನೋಟ ತಾಳದೆ ತಮ್ಮ ಮಾತು ಮರೆಯತೊಡಗಿದರು.

ಮೊದಲ ಆಟಕ್ಕೆ ಥೇಟರು ತುಂಬಿತು, ಆದರೆ ಜನ ಬಂದದ್ದು ಹಾಡಿಗೆ. ಪೋಸ್ಟರಿನಲ್ಲಿ ಗಾಯಕನಟಿ ಅಂತ ಇತ್ತಲ್ಲ. ಅಕ್ಕಾರು ಕಸಬರಿಗೆ ಹಿಡಿದು ಸುಮ್ಮನೆ ರಂಗಕ್ಕೆ ಬಂದಾಗ ಚಪ್ಪಾಳೆ ಬಿತ್ತು. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಿಂದ “ಹಾಡ ಹಾಡ್ರಿ ಅಕ್ಕಾರ” ಅಂತ ಕೂಗು ಶುರುವಾಯಿತು. ಸೀಟಿ ಬಿತ್ತು. ನಗೆಪಾತ್ರದವನು ಏನೇನೋ ಸೇರಿಸಿ ನಗಿಸಲು ನೋಡಿದ, ನಡೆಯಲಿಲ್ಲ. ಮಾಲಕರು ಪಕ್ಕದ ಪರದೆಯ ಸಂದಿಯಲ್ಲಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವುದು ನನಗೆ ಕಾಣುತ್ತಿತ್ತು. ಅಕ್ಕಾರು ಮಾತ್ರ ಕಸ ಗುಡಿಸುತ್ತಲೇ ಇದ್ದರು. ಕೂಗು ಅವರ ಕಿವಿಗೇ ಬಿದ್ದಿಲ್ಲ, ಯಾಕೆಂದರೆ ಆ ಸೊಸೆಗೆ ಕಿವಿಯೂ ಕೇಳುವುದಿಲ್ಲ. ಇದನ್ನು ಅವರು ತಾಲೀಮಿನಲ್ಲಿ ಹೇಳಿರಲಿಲ್ಲ, ಆ ಕ್ಷಣಕ್ಕೆ ಹೊಳೆದದ್ದಿರಬೇಕು.

ಎರಡನೆಯ ಅಂಕ ಬಂತು. ಅತ್ತೆ ಜೋಳದ ಚೀಲದ ಆಪಾದನೆ ಹೊರಿಸಿ, ನೆರೆಹೊರೆಯವರ ಮುಂದೆ ಸೊಸೆಯನ್ನು ನಿಲ್ಲಿಸಿ ಬಯ್ಯುತ್ತಾಳೆ. ಅತ್ತೆಯ ತುಟಿಯನ್ನೇ ನೋಡುತ್ತಿದ್ದ ಅಕ್ಕಾರು ಸೆರಗು ಬೆರಳಿಗೆ ಸುತ್ತಿದರು. ನಾನು ಬಾರಿಸಿದೆ. ನಾ ಅಲ್ರಿ, ನಾ ಒಯ್ದಿಲ್ರಿ. ಅತ್ತೆ ಇನ್ನೂ ಬಯ್ದಳು. ಮತ್ತೆ ಬಾರಿಸಿದೆ, ಒಂದು ಸ್ವರ ಮೇಲಿನಿಂದ. ಅತ್ತೆ ನಕ್ಕು, ಏನ ಬೊಗಳತೀಯೋ ಯಾರಿಗೆ ತಿಳೀತೈತಿ ಅಂದಳು. ಮೂರನೆಯ ಸಲ ಪೇಟಿ ಮಾತಾಡಿತು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಒಬ್ಬಾಕೆ ಎದ್ದು ನಿಂತು ಅತ್ತೆಗೆ ಹೇಳಿದಳು:

“ಆಕಿ ಒಯ್ದಿಲ್ಲಂತ ಹೇಳಾಕತ್ತಾಳಲ್ಲ, ನಿನಗ ಕೇಳಸೂದಿಲ್ಲೇನು?”

ಆಮೇಲೆ ಹಾಡಿನ ಮಾತು ಯಾರೂ ಎತ್ತಲಿಲ್ಲ. ನನಗೆ ಆ ಹೆಂಗಸನ್ನು ಹುಡುಕಿ ಕಾಲಿಗೆ ಬೀಳಬೇಕು ಅನ್ನಿಸಿತು. ಆಟ ಮುಗಿದ ಮೇಲೆ ನೋಡಿದರೆ ಆಕೆ ಗದ್ದಲದಲ್ಲಿ ಸಿಗಲಿಲ್ಲ.

ಬೈಲಹೊಂಗಲದಲ್ಲಿ ನಾಟಕ ನಡೆದದ್ದೇ ನಡೆದದ್ದು. ಕಷ್ಟಗಳಿರಲಿಲ್ಲ ಅಂತಲ್ಲ. ಅಲ್ಲಿ ಹತ್ತಿಯ ಸುಗ್ಗಿ. ಜಿನ್ನಿಂಗ್ ಫ್ಯಾಕ್ಟರಿಗಳಿಂದ ಹಾರುವ ಎಳೆ ಎಲ್ಲೆಲ್ಲೂ ಸೇರುತ್ತಿತ್ತು. ಒಂದು ದಿನ ಆಟದ ನಡುವೆ ಒಂದು ಎಳೆ ಪೇಟಿಯೊಳಗೆ ಹೋಗಿ ಸ್ವರ ಹೊರಡಿಸುವ ಹಿತ್ತಾಳೆಯ ರೀಡಿಗೆ ಸಿಕ್ಕಿಕೊಂಡಿತು. ಮೂಕಿಯ ಮಾತಿನ ನಡುವೆ ಒಂದು ಸ್ವರ ಹೊರಡಲೇ ಇಲ್ಲ, ಮಾತು ತುಂಡಾಯಿತು. ಅಕ್ಕಾರ ಕೈ ಆ ಸ್ವರದ ಜಾಗದಲ್ಲಿ ಗಾಳಿಯಲ್ಲೇ ನಿಂತಿತು. ಹೇಳಬೇಕಾದದ್ದು ಮೂಕಿಯ ಎದೆಯಲ್ಲೇ ಸಿಕ್ಕಿಕೊಂಡಿದೆ ಅನ್ನುವ ಹಾಗೆ ತುಟಿ ನಡುಗಿಸಿದರು. ನಾನು ಪಕ್ಕದ ಸ್ವರದಿಂದ ಸುತ್ತು ಹಾಕಿ ಮಾತು ಮುಗಿಸಿದೆ. ಅಂಕದ ನಡುವಿನ ಬಿಡುವಿನಲ್ಲಿ ಪೇಟಿಯ ಮುಚ್ಚಳ ಬಿಚ್ಚಿ, ರೀಡಿನ ಕೆಳಗೆ ತೆಳು ಕಾಗದ ತೂರಿಸಿ ಎಳೆ ತೆಗೆಯುತ್ತಿದ್ದರೆ ಅಕ್ಕಾರು ಮೇಲಿನಿಂದ ಇಣುಕಿ ತಮ್ಮ ಗಂಟಲು ಮುಟ್ಟಿ ತೋರಿಸಿ ನಕ್ಕರು. ಪೇಟಿಗೂ ಅದೇ ರೋಗ ಅಂತ. ಅಂಥ ದಿನಗಳಲ್ಲೂ ಅವರಿಗೆ ನಗು ಬರುತ್ತಿತ್ತು.

ಜನ ಹೆಚ್ಚಿದಂತೆ ಮಾಲಕರ ಆಸೆಯೂ ಹೆಚ್ಚಿತು. ನಾಟಕದ ಕೊನೆಗೆ ದೇವರ ಪವಾಡದಿಂದ ಮೂಕಿಗೆ ಬಾಯಿ ಬಂದು ಅಕ್ಕಾರು ಹಾಡಿಬಿಟ್ಟರೆ ಹೇಗೆ? ಡಾಕ್ಟರು ಹೂಂ ಅಂದ ಮೇಲೆಯೇ ಮಾಡೋಣ ಅಂದರು. ಕೇಳಿದ ಕೂಡಲೇ ನಾವೆಲ್ಲ ಹಿಗ್ಗಿದೆವು. ಅಕ್ಕಾರು ಬೇಡ ಅಂತ ತಲೆ ಅಲ್ಲಾಡಿಸಿದರು. ಹೆಂಗಸರ ಕಡೆಯ ಮುಂದಿನ ಸಾಲಿನಲ್ಲಿ ಒಂದು ಖಾಲಿ ಜಾಗ ತೋರಿಸಿದರು. ಅಲ್ಲಿ ಬಳೆ ಮಾರುವಾಕೆ ಬಂದು ಕೂರುತ್ತಿದ್ದಳು, ಅಕ್ಕಾರೇ ಕರೆತಂದು ಕೂಡಿಸಿದ್ದರು. ಪಾಟಿಯ ಮೇಲೆ ಬರೆದರು: “ಆಕಿ ಮುಂದ ನಾ ಬಾಯಿ ಬಂತು ಅಂತ ಹೆಂಗ ಹಾಡ್ಲಿ?” ಮಾಲಕರು ಪಾಟಿ ಓದಿದರು. ಆಮೇಲೆ ಅದನ್ನು ತಮ್ಮ ಧೋತರದ ಚುಂಗಿನಿಂದ ತಾವೇ ಒರೆಸಿ ವಾಪಸ್ಸು ಕೊಟ್ಟರು.

ಬೈಲಹೊಂಗಲ ಕ್ಯಾಂಪು ಮುಗಿಯುವ ಹೊತ್ತಿಗೆ ನಾವು ಮತ್ತೆ ಧಾರವಾಡಕ್ಕೆ ಹೋದೆವು. ಡಾಕ್ಟರು ಕನ್ನಡಿ ಇಳಿಸಿ ನೋಡಿ, ಗಂಟು ಹೆಚ್ಚು ಕಡಿಮೆ ಕರಗಿವೆ ಅಂದರು. ಇಷ್ಟು ಕಟ್ಟುನಿಟ್ಟಾಗಿ ಸುಮ್ಮನಿದ್ದ ಹಾಡುಗಾರರನ್ನು ತಾವು ನೋಡಿಲ್ಲ ಅಂದರು. ಮೆಲ್ಲಗೆ ಮಾತು, ಆಮೇಲೆ ಮೆಲ್ಲಗೆ ಹಾಡು. ಆದರೆ ಮೊದಲಿನ ಎತ್ತರಕ್ಕೆ ಹೋದರೆ ಮತ್ತೆ ಗಂಟು ಬರುತ್ತವೆ, ಆಗ ತಮ್ಮ ಹತ್ತಿರ ಬಂದು ಉಪಯೋಗವಿಲ್ಲ ಅಂತಲೂ ಎಚ್ಚರಿಸಿದರು.

ಕಿತ್ತೂರಿನಲ್ಲಿ ಥೇಟರು ಹೆದ್ದಾರಿಗೆ ಹತ್ತಿರ. ಅಲ್ಲಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಅಕ್ಕಾರು ನನ್ನ ಪೇಟಿಯ ಹತ್ತಿರ ಬಂದು ಕೂತರು. ನಾನು ಕರಿ ನಾಲ್ಕು ಹಿಡಿದೆ. ಅವರು ನನ್ನ ಬೆರಳನ್ನು ಎತ್ತಿ, ಒಂದೊಂದೇ ಪಟ್ಟಿ ಕೆಳಗೆ ಸರಿಸುತ್ತ, ಪ್ರತಿಯೊಂದರಲ್ಲೂ ತುಟಿ ಮುಚ್ಚಿ ಗುನುಗಿ ನೋಡಿದರು. ಬಿಳಿ ನಾಲ್ಕಕ್ಕೆ ಬಂದಾಗ ನಿಂತರು. ಅಲ್ಲಿ ದನಿ ತಾನೇ ಬಂದು ಕೂತಿತು. ನನಗೆ ಕೇಳಿದ ಕೂಡಲೇ ತಿಳಿಯಿತು, ಇದೇ ಇನ್ನು ಇವರ ಮನೆ ಅಂತ. ಆದರೆ ಕಂಪನಿಯ ಸುರ? ಬಿಳಿ ನಾಲ್ಕು ಅಂದರೆ ಮೂರು ಪಟ್ಟಿ ಕೆಳಗೆ.

ಮಾಲಕರು ಕೇಳಿ ಕಂಗಾಲಾದರು. ಅವರ ತಂದೆ ಇಟ್ಟ ಸುರ. ಅದನ್ನು ಇಳಿಸಿದರೆ ನಾಳೆ ಕಿತ್ತೂರು, ಬೈಲಹೊಂಗಲದ ಹಳೆಯ ರಸಿಕರು ಕಂಪನಿ ಇಳೀತು ಅನ್ನುತ್ತಾರೆ. ಅದೂ ಅಲ್ಲದೆ ಮೂಕಿಯ ನಾಟಕ ಚೆನ್ನಾಗಿ ನಡೆದಿದೆ, ಅದನ್ನೇ ಇಲ್ಲೂ ಆಡೋಣ, ಹಾಡಿನ ಗೊಡವೆ ಯಾಕೆ ಅಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಮೂಕಿಯಾಗಿ ಅಕ್ಕಾರು ಗೆದ್ದಾಗಿತ್ತು. ಇಳಿದ ಸುರದಲ್ಲಿ ಹಾಡಿ ಸೋತರೆ ಆ ಗೆಲುವೂ ಹೋಗುತ್ತಿತ್ತು. ಅಕ್ಕಾರು ಪಾಟಿ ತೆಗೆದುಕೊಳ್ಳಲಿಲ್ಲ. ತಿಂಗಳುಗಟ್ಟಲೆ ಬಳಸದ ದನಿಯಲ್ಲಿ ಮೆಲ್ಲಗೆ ಮಾತಾಡಿದರು.

“ಮೂಕಿ ನನಗ ಅನ್ನ ಹಾಕ್ಯಾಳ, ಮಾಲಕರ. ಆಕಿ ಋಣ ನನ್ನ ಮ್ಯಾಲ ಐತಿ. ಆದ್ರ ನಾ ಹಾಡಾವಾಕಿ. ಹಾಡಬೇಕಂತನ ಇಷ್ಟ ದಿನ ಸುಮ್ಮ ಕುಂತೇನಿ. ಮ್ಯಾಲಿನ ಸುರದಾಗ ಒಂದ ವರ್ಷ ಹಾಡಿ ಮುಗಸೂಕಿಂತ ಕೆಳಗಿನ ಸುರದಾಗ ಇರೂತನ ಹಾಡತೇನಿ. ಬ್ಯಾಡ ಅಂದ್ರ ಹೇಳ್ರಿ, ಹೋಗತೇನಿ.”

ಮಾಲಕರು ಎದ್ದು ಥೇಟರಿನ ಕಂಬಗಳ ನಡುವೆ ಎರಡು ಸುತ್ತು ತಿರುಗಿ ಬಂದರು. ಹೋಗುವುದು ಬೇಡ ಅಂದರು. ನಾಂದಿ ಒಂದು ಸುರ, ನಾಟಕ ಒಂದು ಸುರ ಆದರೆ ಚೆಂದ ಕಾಣುವುದಿಲ್ಲ, ಇಳಿಸುವುದಾದರೆ ನಾಂದಿಯಿಂದಲೇ ಇಳಿಸೋಣ ಅಂದರು. ಈ ಮನುಷ್ಯ ಪೋಸ್ಟರಿನ ಸಲುವಾಗಿ ಕ್ಯಾಸೆಟ್ಟು ಹಚ್ಚಲು ಹೊರಟಿದ್ದವರು. ಅವತ್ತು ಅವರ ಮೇಲೆ ನನಗೆ ಹುಟ್ಟಿದ ಗೌರವ ಇನ್ನೂ ಹಾಗೇ ಇದೆ.

ಸುರ ಇಳಿಸುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ತಬಲಾ ಮಾಸ್ತರ ತಬಲಾದ ಮರದ ಗಟ್ಟಿಗಳನ್ನು ಮೇಲಕ್ಕೆ ಬಡಿದು ಬಡಿದು ಸುರ ಇಳಿಸಿದರೆ ಚರ್ಮ ಸಡಿಲಾಗಿ ಬುಸ್ ಅನ್ನತೊಡಗಿತು. ಕೊನೆಗೆ ಹುಬ್ಬಳ್ಳಿಗೆ ಹೋಗಿ ಅಗಲ ಬಾಯಿಯ ಬೇರೆ ತಬಲಾ ತಂದ. ನನ್ನ ಬೆರಳುಗಳಿಗೆ ಕರಿ ನಾಲ್ಕು ಬಿಟ್ಟು ಬೇರೆ ಮನೆಯೇ ಗೊತ್ತಿರಲಿಲ್ಲ. ಇಡೀ ನಾಟಕದ ಪದಗಳನ್ನು ಹೊಸ ಪಟ್ಟಿಗಳ ಮೇಲೆ ಮೊದಲಿನಿಂದ ಕಲಿತೆ. ತಪ್ಪಿದಾಗಲೆಲ್ಲ ನನಗೆ ನಾನೇ ಬೈದುಕೊಂಡೆ. ರಾಜನ ಪಾತ್ರದವನು ಮಾತ್ರ ಖುಷಿಯಾಗಿದ್ದ. ಇಷ್ಟು ವರ್ಷ ಕತ್ತಿನ ನರ ಉಬ್ಬಿಸಿ ಕಿರುಚುತ್ತಿದ್ದವನು ಈಗ ಹಾಡತೊಡಗಿದ.

ಮೊದಲ ಶನಿವಾರ ಬಂತು. ಮೂರನೆಯ ಗಂಟೆ ಹೊಡೆಯಿತು. ನಾಂದಿಯ ಮೊದಲ ಸಾಲಿಗೇ ಮುಂದೆ ಕೂತ ಹಿರಿಯರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜನರಲ್ಲಿ ಗುಸುಗುಸು ಎದ್ದಿತು. ಮಾಲಕರು ನಾಂದಿಯವರ ನಡುವೆ ನಿಂತು, ಕಣ್ಣು ಮುಚ್ಚಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದರು. ಮೊದಲ ಅಂಕ, ಎರಡನೆಯ ಅಂಕ ಸರಿಯಾಗಿ ಹೋದವು. ಅಕ್ಕಾರ ದನಿಯಲ್ಲಿ ಹಳೆಯ ಮಿಂಚಿರಲಿಲ್ಲ, ಒಂದು ತೂಕ ಬಂದಿತ್ತು. ಜನ ಇನ್ನೂ ಅಳೆದು ನೋಡುತ್ತಿದ್ದರು. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು.

ಮೂರನೆಯ ಅಂಕದಲ್ಲಿ ರಾಣಿಯ ಆ ಪದ ಬಂತು. ಎಲ್ಲ ಆಟಗಾರರೂ ಪರದೆಯ ಸಂದಿಯಲ್ಲಿ ಬಂದು ನಿಂತಿದ್ದರು. ಹಾಡು ಮೇಲಿನ ಷಡ್ಜದ ಕಡೆ ಏರುತ್ತಿದ್ದಂತೆ ನನಗೆ ಪುಕಪುಕ ಶುರುವಾಯಿತು. ದನಿ ಬರದಿದ್ದರೆ ಅಂತ ಪೇಟಿಯ ದನಿ ಏರಿಸಿದೆ. ಅವರು ಮುಟ್ಟುವ ಮುಂಚೆಯೇ ನಾನೇ ಆ ಷಡ್ಜ ಮುಟ್ಟಿ, ಅವರ ಗಂಟಲಿಗೆ ಮುಸುಕು ಹಾಕಿಬಿಡಬೇಕು ಅಂತ ಎರಡೂ ಕೈ ಸಿದ್ಧ ಮಾಡಿಕೊಂಡೆ. ಇಷ್ಟು ದಿನ ಅವರ ಬಾಯಿಯಾಗಿದ್ದವನಲ್ಲವೇ ನಾನು. ತಲೆ ಎತ್ತಿ ನೋಡಿದೆ. ಅಕ್ಕಾರು ಹಾಡುತ್ತಲೇ ನನ್ನ ಕಣ್ಣು ಹಿಡಿದಿದ್ದರು. ರಾಣಿಯ ಎಡಗೈ ಸೊಂಟದ ಹತ್ತಿರ ಇಳಿದು ಅಂಗೈ ನೆಲದ ಕಡೆ ತಿರುಗಿತು.

ನಾನು ಪಟ್ಟಿಯ ಮೇಲಿಂದ ಕೈ ಎತ್ತಿದೆ. ತಬಲಾ ಮಾಸ್ತರ ನನ್ನನ್ನು ನೋಡಿ ತಾನೂ ಕೈ ತಡೆದ. ಪೇಟಿ ಇಲ್ಲ, ತಬಲಾ ಇಲ್ಲ. ಅಕ್ಕಾರು ಷಡ್ಜಕ್ಕೆ ಒಂದೇ ಮೆಟ್ಟಿಲು ಕೆಳಗಿನ ನಿಷಾದದ ಮೇಲೆ ಒಂದು ಗಳಿಗೆ ನಿಂತು, ಅಲ್ಲಿಂದ ಷಡ್ಜಕ್ಕೆ ಹೋದರು. ಬಂತು. ಅವಸರವಿಲ್ಲದೆ, ಎಲ್ಲೂ ಬಿರಿಯದೆ ಬಂತು, ನಿಂತಿತು, ಅವರು ಸಾಕು ಅನ್ನುವವರೆಗೆ ನಿಂತಿತು. ಮುಂದಿನ ಸಾಲಿನ ಹಿರಿಯರು ಕೈ ಮುಗಿದದ್ದು ಕಂಡಿತು. ಆಮೇಲೆ ನನ್ನ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ನನ್ನ ಕಾಲು ಮಾತ್ರ ಸುಮ್ಮನೆ ಗಾಳಿ ತುಂಬುತ್ತಲೇ ಇತ್ತು.

ಪರದೆ ಬಿದ್ದ ಮೇಲೆ ನಾನು ರಂಗ ಹತ್ತಿ ಒಳಗೆ ಹೋದೆ. ಅಕ್ಕಾರು ರಾಣಿಯ ಕಿರೀಟ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಪೆಟ್ಟಿಗೆಯ ಮೇಲೆ ಕೂತಿದ್ದರು. ಅಷ್ಟು ಕಠಿಣ ಜಾಗದಲ್ಲಿ ನನ್ನನ್ನು ಯಾಕೆ ನಿಲ್ಲಿಸಿದಿರಿ, ದನಿ ಬರದಿದ್ದರೆ ಏನು ಗತಿ ಅಂತ ಗದರಿಸಿದ ಹಾಗೇ ಕೇಳಿದೆ. ಅವರು ಪಕ್ಕದಲ್ಲಿ ಕೂರಲು ಜಾಗ ಮಾಡಿಕೊಟ್ಟರು.

“ಇಷ್ಟ ದಿನ ನನ್ನ ಮಾತೆಲ್ಲಾ ನೀವ ಆಡಿದ್ರಿ, ಮಾಸ್ತರ,” ಅಂದರು. “ಬಂದ್ರೂ ಬರ್ಲಿ, ಬಿಟ್ರೂ ಬಿಡ್ಲಿ, ಇದೊಂದ ನಾನ ಆಡಬೇಕಿತ್ತು.”